ದ್ರಾಕ್ಷಿ ಕೊಯ್ಲಿಗೆ ಮುಂಚೆ ಬೇರು ತೊಳೆಯಬೇಕೇ?

'ಕೊಯ್ಲಿಗೆ ಹತ್ತು ದಿನ ಇರುವಾಗ ಗೊಬ್ಬರ ಬಂದ್ ಮಾಡಿ, ಡ್ರಿಪ್‌ನಲ್ಲಿ ಬರೀ ನೀರು ಧಾರಾಳವಾಗಿ ಬಿಡಿ. ಬೇರು ತೊಳೆದುಹೋಗಿ ಕಾಳಿನೊಳಗಿನ ಗೊಬ್ಬರದ ಅಂಶ ಕೆಳಗಿಳಿಯುತ್ತದೆ, ಸಿಹಿ ಏರುತ್ತದೆ.' ಇಂಥ ಸಲಹೆ ಮೊಬೈಲ್‌ನಲ್ಲಿ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಇದರಲ್ಲಿ ಗೊಬ್ಬರ ನಿಲ್ಲಿಸುವ ಮಾತು ಸರಿ, ನೀರು ಸುರಿದು ತೊಳೆಯುವ ಮಾತು ತಪ್ಪು. ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಕಡೆ ಹೆಚ್ಚಿನ ದ್ರಾಕ್ಷಿ ಒಣದ್ರಾಕ್ಷಿಯಾಗುತ್ತದೆ. ಅಂಥ ತೋಟದಲ್ಲಿ ಈ ತಪ್ಪಿಗೆ ದಂಡ ತೂಕದಲ್ಲೇ ಬೀಳುತ್ತದೆ.

ಈ 'ತೊಳೆಯುವ' ರೂಢಿ ನಮ್ಮ ಹೊಲದ್ದಲ್ಲ. ಅಮೆರಿಕದಲ್ಲಿ ಕಾನೂನು ಒಪ್ಪಿದ ರಾಜ್ಯಗಳಲ್ಲಿ ಕೋಣೆಯೊಳಗೆ ಕುಂಡದಲ್ಲಿ ಗಾಂಜಾ ಬೆಳೆಯುವವರು ಕಟಾವಿಗೆ ಒಂದೆರಡು ವಾರ ಮುಂಚೆ ಬರೀ ನೀರು ಹಾಯಿಸುತ್ತಾರೆ. ನಮ್ಮಲ್ಲಿ ಆ ಬೆಳೆಗೆ 1985ರ ಮಾದಕ ವಸ್ತು ಕಾಯ್ದೆಯ ತಡೆ ಇದೆ, ಅದು ಬೇರೆ ಮಾತು. ಕುಂಡದಲ್ಲಿರುವುದು ತೆಂಗಿನ ನಾರಿನ ಪುಡಿಯಂಥ ಹಗುರ ಮಾಧ್ಯಮ. ನಾಲ್ಕು ಬಕೆಟ್ ನೀರು ಸುರಿದರೆ ಅದರಲ್ಲಿನ ಲವಣ ತಳದ ತೂತಿನಿಂದ ಹೊರಬೀಳುತ್ತದೆ. ಆದರೆ ಹೊರಬೀಳುವುದು ಮಾಧ್ಯಮದ ಲವಣ ಮಾತ್ರ. ಗಿಡದ ಒಳಗೆ ಸೇರಿ ಎಲೆ, ಹೂವು, ಕಾಯಿಯ ಭಾಗವಾದ ಖನಿಜವನ್ನು ಬೇರಿಗೆ ನೀರು ಹಾಯಿಸಿ ತೊಳೆಯಲಾಗದು.

ದ್ರಾಕ್ಷಿಗೆ ಇನ್ನೊಂದು ಕಾರಣವೂ ಇದೆ. ಕಾಳು ಮೆತ್ತಗಾದ ಮೇಲೆ ಅದಕ್ಕೆ ನೀರು ಬರುವ ದಾರಿಯೇ ಬದಲಾಗುತ್ತದೆ. ಬೇರಿನಿಂದ ನೇರವಾಗಿ ಏರುವ ನೀರು ಬಹಳ ಕಡಿಮೆಯಾಗಿ, ಎಲೆಯಿಂದ ಸಕ್ಕರೆ ಹೊತ್ತು ತರುವ ನಾಳದಿಂದಲೇ ಹೆಚ್ಚು ಬರುತ್ತದೆ. ಹಾಗಾಗಿ ಸಿಹಿ ನಿಂತಿರುವುದು ಎಲೆಯ ಮೇಲೆ. ಇನ್ನು ನಮ್ಮ ಎರಿ (ಕಪ್ಪು) ಮಣ್ಣು ಪೊಟ್ಯಾಶ್ ಮತ್ತು ಅಮೋನಿಯಂ ಕಣಗಳನ್ನು ಬಿಗಿಯಾಗಿ ಹಿಡಿದುಕೊಳ್ಳುವಂಥದ್ದು. ನೀರಿನ ಜತೆ ಸುಲಭವಾಗಿ ಇಳಿಯುವುದು ಮುಖ್ಯವಾಗಿ ನೈಟ್ರೇಟ್.

ಗೊಬ್ಬರ: ಯಾವುದು ಯಾವಾಗ ನಿಲ್ಲಬೇಕು

ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸುವುದು) ಆಗಿ ಸುಮಾರು 85–95 ದಿನಕ್ಕೆ ಕಾಳು ಮೆತ್ತಗಾಗತೊಡಗುತ್ತದೆ. ಗೊನೆಯಲ್ಲಿ ಅಲ್ಲೊಂದು ಇಲ್ಲೊಂದು ಕಾಳನ್ನು ಬೆರಳಿನಿಂದ ಒತ್ತಿ ನೋಡಿದರೆ ತಿಳಿಯುತ್ತದೆ. ಅಲ್ಲಿಂದ ಮುಂದೆ ಸಾರಜನಕ ಪೂರ್ತಿ ಬಂದ್: ಯೂರಿಯಾ, 19:19:19, 12:61:0, ಕ್ಯಾಲ್ಸಿಯಂ ನೈಟ್ರೇಟ್, 13:0:45 ಯಾವುದೂ ಬೇಡ (ಈ ಅಂಕಿಗಳಲ್ಲಿ ಮೊದಲನೆಯದು ಸಾರಜನಕದ ಪಾಲು, ಕೊನೆಯದು ಪೊಟ್ಯಾಶ್‌ನದು). ಫೆಬ್ರುವರಿಯಲ್ಲಿ ಬುಡದ ಹಳೆ ಎಲೆ ಹಳದಿಯಾಯಿತೆಂದು ಎರಡು ಕೆಜಿ ಯೂರಿಯಾ ಬಿಡುವವರಿದ್ದಾರೆ. ಆ ಹಳದಿ ವಯಸ್ಸಿನದು, ಹಸಿವಿನದಲ್ಲ. ಯೂರಿಯಾ ಬಿದ್ದರೆ ತುದಿಯಲ್ಲಿ ಹೊಸ ಚಿಗುರೊಡೆದು ಕಾಳಿಗೆ ಹೋಗಬೇಕಾದ ಸಕ್ಕರೆ ಅಲ್ಲಿ ಖರ್ಚಾಗುತ್ತದೆ, ಗೊನೆಗೆ ನೆರಳು ಹೆಚ್ಚುತ್ತದೆ.

ಪೊಟ್ಯಾಶ್ ಮಾತ್ರ ಇನ್ನೂ ಕೆಲವು ದಿನ ಮುಂದುವರಿಯಬಹುದು. 0:0:50 ಅಂದರೆ ಸಲ್ಫೇಟ್ ಆಫ್ ಪೊಟ್ಯಾಶ್, ಎಕರೆಗೆ ಒಂದು ಸಲಕ್ಕೆ 2–3 ಕೆಜಿ, ಎಲೆಯ ತೊಟ್ಟಿನ ಲ್ಯಾಬ್ ಪರೀಕ್ಷೆಯಲ್ಲಿ ಕೊರತೆ ಕಂಡಿದ್ದರೆ ಮಾತ್ರ. ಅಗ್ಗವೆಂದು ಕೆಂಪು ಪೊಟ್ಯಾಶ್ ತರಬೇಡಿ. ಅದರಲ್ಲಿರುವ ಕ್ಲೋರೈಡ್ ದ್ರಾಕ್ಷಿಗೆ ಒಗ್ಗುವುದಿಲ್ಲ, ಎಲೆಯ ಅಂಚು ಸುಡುತ್ತದೆ. ಪೊಟ್ಯಾಶ್ ಅತಿಯಾದರೆ ಮೆಗ್ನೀಸಿಯಂ ಕೊರತೆ ಎದ್ದು ಹಳೆ ಎಲೆಯ ನರಗಳ ನಡುವೆ ಹಳದಿ ಕಾಣುತ್ತದೆ.

ಕರಗಿಸುವಾಗ ಒಂದು ತಪ್ಪು ಬಹಳ ಸಲ ಆಗುತ್ತದೆ. ಈ ಗೊಬ್ಬರ 25 ಡಿಗ್ರಿ ಬಿಸಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 120 ಗ್ರಾಂ ಮಾತ್ರ ಕರಗುತ್ತದೆ, ಚಳಿಗಾಲದ ಬೆಳಗಿನ ತಣ್ಣೀರಿನಲ್ಲಿ ಅದಕ್ಕೂ ಕಡಿಮೆ. 20 ಲೀಟರ್ ಬಕೆಟ್‌ಗೆ 3 ಕೆಜಿ ಸುರಿದು ಎಷ್ಟು ಕದಡಿದರೂ ತಳದಲ್ಲಿ ಬಿಳಿ ಹರಳು ಉಳಿದೇ ಉಳಿಯುತ್ತದೆ. ಅದನ್ನೂ ವೆಂಚುರಿಗೆ (ಗೊಬ್ಬರದ ನೀರನ್ನು ಡ್ರಿಪ್ ಪೈಪಿಗೆ ಎಳೆದುಕೊಳ್ಳುವ ಸಾಧನ) ಕೊಟ್ಟರೆ ಫಿಲ್ಟರ್ ಕಟ್ಟುತ್ತದೆ. 3 ಕೆಜಿಗೆ 40 ಲೀಟರ್ ನೀರು ಇಟ್ಟುಕೊಂಡು, ಅರ್ಧ ತಾಸು ಬಿಟ್ಟು, ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ ಕೊಡಿ. ಮುಂಚಿನ ಹಂತದಲ್ಲಿ ಕ್ಯಾಲ್ಸಿಯಂ ನೈಟ್ರೇಟ್ ಬಳಸಿದ್ದ ಡ್ರಮ್ಮಾದರೆ ಮೊದಲು ತೊಳೆದುಕೊಳ್ಳಿ. ಎರಡೂ ಕೂಡಿದರೆ ಜಿಪ್ಸಂ ಆಗಿ ಡ್ರಿಪ್ಪರ್ ಬಾಯಲ್ಲಿ ಕೂರುತ್ತದೆ.

ಕೊಯ್ಲಿಗೆ 15 ದಿನ ಇರುವಾಗ ಪೊಟ್ಯಾಶ್ ಕೂಡ ನಿಲ್ಲಿಸಿ. ಆಮೇಲೆ ಹಾಕಿದ್ದು ಆ ಬೆಳೆಗೆ ದಕ್ಕುವುದು ಅಷ್ಟಕ್ಕಷ್ಟೆ.

ನೀರು: ಸುರಿಯುವುದಲ್ಲ, ಕಡಿಯುವುದು

9×5 ಅಡಿ ಅಂತರದಲ್ಲಿ ಎಕರೆಗೆ 968 ಬಳ್ಳಿ. ಬಳ್ಳಿಗೆ ತಾಸಿಗೆ 4 ಲೀಟರಿನ ಎರಡು ಡ್ರಿಪ್ಪರ್ ಇದ್ದರೆ ತಾಸಿಗೆ ಸುಮಾರು 7,750 ಲೀಟರ್ ನೀರು ಹೋಗುತ್ತದೆ. ದಿನಕ್ಕೆ ಎರಡು ತಾಸು ಬಿಡುತ್ತಿದ್ದರೆ ಕಾಳು ಮೆತ್ತಗಾದ ಮೇಲೆ ಒಂದೂವರೆ ತಾಸಿಗೆ, ಕಡೆಯ ಮೂರು ವಾರದಲ್ಲಿ ಒಂದು ತಾಸಿಗೆ ಇಳಿಸಿ. ಆಳವಾದ ಎರಿಯಲ್ಲಿ ಕೊಯ್ಲಿಗೆ 8–10 ದಿನ ಇರುವಾಗ ಪೂರ್ತಿ ನಿಲ್ಲಿಸಬಹುದು. ಮಸಾರಿ (ಕೆಂಪು ಮಣ್ಣು) ಅಥವಾ ಒಂದೂವರೆ ಅಡಿಗೇ ಗರಸು ಸಿಗುವ ಹೊಲದಲ್ಲಿ ಹಾಗೆ ಮಾಡಿದರೆ ಗೊನೆಯ ತುದಿಯ ಕಾಳು ಸುಕ್ಕಾಗುತ್ತದೆ. ಅಲ್ಲಿ ಎರಡು ದಿನಕ್ಕೊಮ್ಮೆ ಅರ್ಧ ತಾಸು ಬಿಡುತ್ತಿರಿ.

ಲೆಕ್ಕಕ್ಕಿಂತ ಬಳ್ಳಿಯನ್ನೇ ನೋಡುವುದು ಮೇಲು. ಮಧ್ಯಾಹ್ನ ಎಲೆ ಜೋತುಬಿದ್ದು ಸಂಜೆ ಎದ್ದರೆ ಚಿಂತೆಯಿಲ್ಲ. ಬೆಳಿಗ್ಗೆ 8ಕ್ಕೇ ಜೋತಿದ್ದರೆ ನೀರು ಬೇಕು. ಡ್ರಿಪ್ಪರ್ ಕೆಳಗೆ ಒಂದು ಅಡಿ ಅಗೆದು ಮಣ್ಣು ಹಿಡಿಯಿರಿ. ಮುಷ್ಟಿಯಲ್ಲಿ ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಒತ್ತಿದಾಗ ಒಡೆದರೆ ಸಾಕಷ್ಟು ಹಸಿ ಇದೆ ಎಂದರ್ಥ.

ಇದಕ್ಕೆ ತದ್ವಿರುದ್ಧವಾಗಿ 'ತೊಳೆಯಲು' ಆರೂವರೆ ತಾಸು, ಅಂದರೆ ಎಕರೆಗೆ 50,000 ಲೀಟರ್ ಬಿಟ್ಟರೆ ಏನಾಗುತ್ತದೆ? ಕಾಳು ಉಬ್ಬಿ ಸಿಪ್ಪೆ ಸೀಳಬಹುದು, ರಸ ಸೋರಿದಲ್ಲಿ ಕೊಳೆ ಹತ್ತಬಹುದು, ಬ್ರಿಕ್ಸ್ (ರಸದ ಸಿಹಿಯ ಅಳತೆ) ಕುಸಿಯಬಹುದು. ಬೋರ್ ನೀರಿನ ಇಸಿ (ಕರಗಿದ ಉಪ್ಪು ಎಷ್ಟಿದೆ ಎಂದು ಹೇಳುವ ಅಳತೆ, dS/m ಲೆಕ್ಕದಲ್ಲಿ) 1 ಇದ್ದರೆ ಲೀಟರಿಗೆ ಸುಮಾರು 640 ಮಿಲಿಗ್ರಾಂ ಲವಣ. 50,000 ಲೀಟರಿಗೆ 32 ಕೆಜಿ. ಕೆಳಗೆ ಗಟ್ಟಿ ಪದರವಿರುವ ಹೊಲದಲ್ಲಿ ನೀರು ಆರಿದ ಮೇಲೆ ಅದಿಷ್ಟೂ ಬೇರಿನ ಬುಡದಲ್ಲೇ ಉಳಿಯುತ್ತದೆ. ಉಪ್ಪು ತೊಳೆಯಲು ಹೋಗಿ ಉಪ್ಪನ್ನೇ ಸುರಿದಂತೆ.

ಬ್ರಿಕ್ಸ್ ನೋಡುವ ಕ್ರಮ

ಒಂದೇ ಗೊನೆಯ ಹೆಗಲಿನ (ಮೇಲ್ಭಾಗದ) ಕಾಳು ಹಿಂಡಿ 'ಇಪ್ಪತ್ಮೂರು ಬಂತು' ಎಂದರೆ ಮೋಸ ಹೋದಂತೆ. ಹೆಗಲಿನ ಕಾಳಿಗಿಂತ ತುದಿಯ ಕಾಳು ಸಪ್ಪೆ. ಸಾಲಿನ ಎರಡೂ ಬದಿ, ಬಿಸಿಲು, ನೆರಳು ಎಲ್ಲ ಸೇರಿ 25 ಗೊನೆ ಆರಿಸಿ, ಪ್ರತಿಯೊಂದರ ಮೇಲಿಂದ ಒಂದು, ನಡುವಿಂದ ಎರಡು, ತುದಿಯಿಂದ ಒಂದು ಕಾಳು ತೆಗೆಯಿರಿ. ನೂರೂ ಕಾಳನ್ನು ಒಟ್ಟಿಗೆ ಹಿಸುಕಿ, ಸೋಸಿ, ಆ ರಸ ನೋಡಿ. ಅದಕ್ಕೂ ಮೊದಲು ಡಿಸ್ಟಿಲ್ಡ್ ವಾಟರ್ ಹಾಕಿ ಬ್ರಿಕ್ಸ್ ಮೀಟರ್ ಸೊನ್ನೆಗೆ ಬರುತ್ತದೋ ಇಲ್ಲವೋ ಪರೀಕ್ಷಿಸಿ. ದಿನವೂ ಒಂದೇ ಹೊತ್ತಿಗೆ, ಬೆಳಿಗ್ಗೆ 10ರೊಳಗೆ ನೋಡುವುದು ಒಳ್ಳೆಯದು.

ಒಣದ್ರಾಕ್ಷಿಗೆ 22ಕ್ಕಿಂತ ಕಡಿಮೆಯಲ್ಲಿ ಕತ್ತರಿ ಹಾಕಬೇಡಿ. ಕಾರಣ ಸರಳ. ಒಂದು ಟನ್ ಹಣ್ಣಿನಲ್ಲಿ 18 ಬ್ರಿಕ್ಸ್ ಇದ್ದರೆ ಸುಮಾರು 180 ಕೆಜಿ ಗಟ್ಟಿ ಅಂಶ. 15 ಶೇಕಡಾ ತೇವಕ್ಕೆ ಒಣಗಿಸಿದಾಗ ಕೈಗೆ ಬರುವುದು 212 ಕೆಜಿ. 23 ಬ್ರಿಕ್ಸ್ ಇದ್ದರೆ 270 ಕೆಜಿ. ತೊಟ್ಟು, ಉದುರು ಬಿಟ್ಟ ಲೆಕ್ಕವಿದು, ಆದರೂ ವ್ಯತ್ಯಾಸ ಟನ್ನಿಗೆ 58 ಕೆಜಿ. ಡಿಪ್ಪಿಂಗ್ ಆಯಿಲ್ (ಬೇಗ ಒಣಗಲು ಹಣ್ಣು ಅದ್ದುವ ಎಣ್ಣೆ), ಕೂಲಿ, ಶೆಡ್ ಬಾಡಿಗೆ ಎರಡಕ್ಕೂ ಒಂದೇ.

ನಿಜವಾಗಿ ತೊಳೆಯಬೇಕಾದ್ದು

ಪೈಪು. ಪ್ರತಿ ಸಲ ಗೊಬ್ಬರ ಕೊಟ್ಟ ಮೇಲೆ 15–20 ನಿಮಿಷ ಬರೀ ನೀರು ಓಡಬೇಕು. ಕಡೆಯ ಗೊಬ್ಬರವಾದ ಮೇಲೆ ಫಿಲ್ಟರ್, ಮೇನ್, ಸಬ್‌ಮೇನ್, ಕೊನೆಗೆ ಲ್ಯಾಟರಲ್ (ಬಳ್ಳಿ ಸಾಲಿನ ಸಣ್ಣ ಪೈಪು), ಈ ಕ್ರಮದಲ್ಲಿ ತುದಿ ಬಿಚ್ಚಿ ಕಸ ಹೊರಹಾಕಿ. ಲ್ಯಾಟರಲ್‌ಗಳನ್ನು ಐದೈದಾಗಿ ಬಿಚ್ಚಿ. ಎಲ್ಲ ಒಮ್ಮೆಲೇ ಬಿಚ್ಚಿದರೆ ಒತ್ತಡ ಸಾಲದೆ ಕೆಸರು ಅಲ್ಲೇ ಕೂರುತ್ತದೆ.

ಹಣ್ಣಿನ ಮೇಲೆ ಉಳಿಯುವ ನಿಜವಾದ ಶೇಷ ಸಿಂಪರಣೆಯದು, ಗೊಬ್ಬರದ್ದಲ್ಲ. ಅದಕ್ಕೆ ಬೇರಿಗೆ ನೀರು ಮದ್ದಲ್ಲ. ಡಬ್ಬಿಯ ಮೇಲೆ ಬರೆದಿರುವ ಕೊಯ್ಲು ಪೂರ್ವ ಅಂತರವನ್ನು ಪಾಲಿಸುವುದೊಂದೇ ದಾರಿ. ನಾಲ್ಕು ಕೆಜಿ ಹಣ್ಣು ಒಂದು ಕೆಜಿಗೆ ಇಳಿಯುವಾಗ ಶೇಷವೂ ಸಾಂದ್ರವಾಗುತ್ತದೆ ಎಂಬುದು ಒಣದ್ರಾಕ್ಷಿ ಮಾಡುವವರಿಗೆ ನೆನಪಿರಲಿ.

ಮಣ್ಣಿನ ಲವಣ ತೊಳೆಯುವ ಕೆಲಸ ಇದ್ದೇ ಇದೆ, ಆದರೆ ಕೊಯ್ಲಾದ ಮೇಲೆ. ಡ್ರಿಪ್ಪರ್ ಕೆಳಗಿನ ಒಂದನೇ ಮತ್ತು ಎರಡನೇ ಅಡಿಯ ಮಣ್ಣನ್ನು ಬೇರೆಬೇರೆ ಚೀಲದಲ್ಲಿ ತುಂಬಿ, ಬೋರ್ ನೀರಿನ ಬಾಟಲಿ ಸಮೇತ ವಿಜಯಪುರದ ಹಿಟ್ಟಿನಹಳ್ಳಿ ಫಾರ್ಮ್‌ನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ದ್ರಾಕ್ಷಿ ತಾಳಿಕೊಳ್ಳುವ ಮಣ್ಣಿನ ಇಸಿ, ಸ್ಯಾಚುರೇಶನ್ ವಿಧಾನದಲ್ಲಿ (ಮಣ್ಣನ್ನು ನೀರಿನಲ್ಲಿ ಪೂರ್ತಿ ನೆನೆಸಿ ತೆಗೆದ ತಿಳಿಯಲ್ಲಿ) ಅಳೆದರೆ, 1.5ರವರೆಗೆ. ನೀರಿನ ಇಸಿ 1 ಇದ್ದರೆ ತೊಳೆಯಲು ಬೇಕಾದ ಹೆಚ್ಚುವರಿ ಪಾಲು ಹೀಗೆ: 1 ÷ (5×1.5 − 1), ಅಂದರೆ ಸುಮಾರು 15 ಶೇಕಡಾ. ಪಿಎಚ್ 8.5 ದಾಟಿ ಸೋಡಿಯಂ ಹೆಚ್ಚಿದ್ದರೆ ಮೊದಲು ಜಿಪ್ಸಂ, ಆಮೇಲೆ ನೀರು. ಬಿರುಕುಬಿಟ್ಟ ಎರಿಯಲ್ಲಿ ನೀರು ಸೀಳಿನಿಂದ ನೇರ ಕೆಳಗಿಳಿದು ಲವಣವನ್ನು ಮುಟ್ಟುವುದೇ ಇಲ್ಲ. ಮೇಲ್ಮಣ್ಣು ಕೆದಕಿ ಸೀಳು ಮುಚ್ಚಿ, ಒಂದು ತಾಸು ಬಿಟ್ಟು ಮೂರು ತಾಸು ನಿಲ್ಲಿಸುತ್ತ ಹೋಗಿ. ಬಸಿಗಾಲುವೆ ತೆಗೆದಿಟ್ಟರೆ ಮುಂಗಾರು ಮಳೆಯೇ ಈ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತದೆ; ಮಳೆನೀರಿನಲ್ಲಿ ಉಪ್ಪು ಇಲ್ಲವೆನ್ನುವಷ್ಟು ಕಡಿಮೆ.