ಹನ್ನೊಂದು ಜಾಲರಿಗಳು: ಮೈಸೂರಿನಲ್ಲಿ ಸೈಕಲ್‌ಗಾಗಿ ಓಡಾಡಿದ ನನ್ನ ಅನುಭವ

2018ರ ಮಳೆಗಾಲ. ಸಂಜೆ ಆರೂವರೆ. ಕೆಲಸ ಮುಗಿಸಿಕೊಂಡು ಸರಸ್ವತಿಪುರಂ ಕಡೆಯಿಂದ ಕುವೆಂಪುನಗರಕ್ಕೆ ಸೈಕಲ್‌ನಲ್ಲಿ ಬರುತ್ತಿದ್ದೆ. ಹಿಂದೆ ಬಸ್ಸು ಹಾರ್ನ್ ಹೊಡೆಯಿತು. ಎಡಕ್ಕೆ ಸರಿದೆ. ಮುಂದಿನ ಚಕ್ರ ಮೋರಿಯ ಕಬ್ಬಿಣದ ಜಾಲರಿಯೊಳಗೆ ಇಳಿದು ಸಿಕ್ಕಿಕೊಂಡಿತು. ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬಿದ್ದೆ. ಬಲಗೈ ಮಣಿಕಟ್ಟು ಮುರಿಯಿತು. ಬಸ್ಸಿನ ಡ್ರೈವರ್ ತಕ್ಷಣ ಬ್ರೇಕ್ ಹಾಕಿದರು. ಅವರು ಹಾಕದಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ.

ಕೈಗೆ ಪ್ಲಾಸ್ಟರ್ ಇದ್ದ ಆರು ವಾರದಲ್ಲಿ ಒಂದು ದಿನ ನಡೆದುಕೊಂಡೇ ಹೋಗಿ ಆ ಜಾಲರಿಯನ್ನು ನೋಡಿದೆ. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಟೇಪ್ ಹಿಡಿದೆ. ಕಬ್ಬಿಣದ ಪಟ್ಟಿಗಳು ರಸ್ತೆ ಹೋಗುವ ದಿಕ್ಕಿಗೇ ಉದ್ದಕ್ಕೆ ಮಲಗಿದ್ದವು. ಎರಡು ಪಟ್ಟಿಗಳ ನಡುವೆ ನನ್ನ ಎರಡು ಬೆರಳು ಸಲೀಸಾಗಿ ಇಳಿಯುವಷ್ಟು ಸಂದು. ಹಳೇ ಕಪ್ಪು ಸೈಕಲ್ಲಿನ 28 ಇಂಚಿನ ಚಕ್ರದ ಟೈರು ಒಂದೂವರೆ ಇಂಚು ಅಗಲ ಇರುತ್ತದೆ. ಅದು ಹೇಗೋ ಜಾಲರಿ ದಾಟಿಕೊಳ್ಳುತ್ತದೆ. ನನ್ನ ಟೈರು ಅದಕ್ಕಿಂತ ತೆಳ್ಳಗಿತ್ತು. ಕಾರಿಗೆ, ಬಸ್ಸಿಗೆ, ಸ್ಕೂಟರಿಗೆ ಆ ಸಂದು ಒಂದು ಲೆಕ್ಕವೇ ಅಲ್ಲ. ಅದೇ ಜಾಲರಿಯನ್ನು ಎತ್ತಿ ಅಡ್ಡಕ್ಕೆ ತಿರುಗಿಸಿ ಇಟ್ಟರೆ ಯಾರ ಚಕ್ರವೂ ಇಳಿಯುವುದಿಲ್ಲ. ನೀರು ಅಷ್ಟೇ ಹರಿಯುತ್ತದೆ. ಖರ್ಚು ಹೆಚ್ಚುಕಡಿಮೆ ಸೊನ್ನೆ. ಅದನ್ನು ಕೂರಿಸಿದವರಿಗೆ ಸೈಕಲ್ ನೆನಪಿಗೆ ಬರಲಿಲ್ಲ, ಅಷ್ಟೇ.

ನನ್ನ ಕೆಲಸ ಅಲ್ಲಿಂದ ಶುರುವಾಯಿತು.

ಅದಕ್ಕೂ ಒಂದು ವರ್ಷ ಮೊದಲು, 2017ರ ಜೂನ್‌ನಲ್ಲಿ, ನಮ್ಮೂರಿಗೆ ಟ್ರಿನ್ ಟ್ರಿನ್ ಎಂಬ ಬಾಡಿಗೆ ಸೈಕಲ್ ವ್ಯವಸ್ಥೆ ಬಂದಿತ್ತು. 450 ಸೈಕಲ್, ಊರ ತುಂಬ ನಿಲ್ದಾಣ. ಕಾಲೇಜು ಬಿಟ್ಟ ಮೇಲೆ ಸೈಕಲ್ ಮುಟ್ಟದಿದ್ದ ನಾನು ಮತ್ತೆ ತುಳಿಯಲು ಶುರು ಮಾಡಿದ್ದು ಅದರಿಂದಲೇ. ಮನೆಯಿಂದ ದೇವರಾಜ ಅರಸು ರಸ್ತೆ ಹತ್ತಿರದ ನನ್ನ ಕಚೇರಿಗೆ ಐದು ಕಿಲೋಮೀಟರ್. ಸಂಜೆ ಹೊತ್ತು ಸ್ಕೂಟರಿಗೂ ಸೈಕಲಿಗೂ ಐದಾರು ನಿಮಿಷ ವ್ಯತ್ಯಾಸ. ಮೂರು ತಿಂಗಳಲ್ಲಿ ನನ್ನದೇ ಒಂದು ಸೈಕಲ್ ತಗೊಂಡೆ.

ಬೀಳುವ ಮೊದಲು ನಾನು ಮಾಡುತ್ತಿದ್ದದ್ದು ಭಾನುವಾರದ ಜಾಥಾ. ಬಿಳಿ ಟೀ ಶರ್ಟು, ಬ್ಯಾನರ್, ಅರಮನೆ ಮುಂದೆ ಫೋಟೋ. ಆಮೇಲೆ ಎಲ್ಲರೂ ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಮನೆಗೆ. ಅದನ್ನು ತಪ್ಪು ಅನ್ನುವುದಿಲ್ಲ. ಆದರೆ ಅದರಿಂದ ಸೋಮವಾರ ಒಂದು ಸೈಕಲ್ ಜಾಸ್ತಿ ಆಗಲಿಲ್ಲ.

ಕೈ ಸರಿಹೋದ ಮೇಲೆ ಸ್ನೇಹಿತೆಯೊಬ್ಬಳ ಜೊತೆ ದೇವರಾಜ ಮಾರುಕಟ್ಟೆ ಹತ್ತಿರ ಬೆಳಿಗ್ಗೆ ಆರರಿಂದ ಎಂಟರವರೆಗೆ ನಿಂತು ಸೈಕಲ್ ಎಣಿಸಿದೆ. ನೋಟ್‌ಬುಕ್ಕಿನಲ್ಲಿ ನಾಲ್ಕು ಗೆರೆ, ಮೇಲೊಂದು ಅಡ್ಡಗೆರೆ. ಎರಡನೇ ಗಂಟೆ ಮುಗಿಯುವ ಮೊದಲೇ ನೂರು ದಾಟಿತು. ನಮಗೆ ಆಶ್ಚರ್ಯ. ಮೈಸೂರಲ್ಲಿ ಈಗ ಸೈಕಲ್ ತುಳಿಯುವವರು ಎಲ್ಲಿದ್ದಾರೆ ಎಂದು ನಾವೇ ಭಾಷಣದಲ್ಲಿ ಹೇಳುತ್ತಿದ್ದೆವು, ಅಲ್ವಾ? ಇದ್ದರು. ಕ್ಯಾರಿಯರ್ ಮೇಲೆ ಮಲ್ಲಿಗೆ ಬುಟ್ಟಿ ಕಟ್ಟಿದವರು, ವೀಳ್ಯದೆಲೆ ಪಿಂಡಿ ಒದ್ದೆ ಗೋಣಿಯಲ್ಲಿ ಸುತ್ತಿಕೊಂಡವರು, ಪೇಪರ್ ಹುಡುಗರು, ಗಾರೆ ಕೆಲಸದವರು, ಹೋಟೆಲಿಗೆ ಹೋಗುವ ಅಡುಗೆಯವರು. ಯಾರ ತಲೆಯ ಮೇಲೂ ಹೆಲ್ಮೆಟ್ ಇಲ್ಲ. ಯಾರೂ ನಮ್ಮ ಜಾಥಾಕ್ಕೆ ಬಂದವರಲ್ಲ. ಭಾನುವಾರವೂ ಅವರಿಗೆ ಕೆಲಸ.

ಮಂಡ್ಯ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಅಪ್ಪ ಸಕ್ಕರೆ ಕಾರ್ಖಾನೆಗೆ ಸೈಕಲ್ ತುಳಿದೇ ಹೋಗಿಬರುತ್ತಿದ್ದರು. ಪಾಳಿ ಮುಗಿಸಿ ಬಂದರೆ ಅಂಗಿಯಲ್ಲಿ ಕಾಕಂಬಿ ವಾಸನೆ. ಆ ನೋಟ್‌ಬುಕ್ಕಿನ ಗೆರೆಗಳನ್ನು ನೋಡುವಾಗ ಅಪ್ಪ ನೆನಪಾದರು. ಹೊಸಬರನ್ನು ಸೈಕಲ್ ಹತ್ತಿಸುವುದು ಆಮೇಲೆ. ಈಗಾಗಲೇ ತುಳಿಯುತ್ತಿರುವವರು ಬೀಳದ ಹಾಗೆ ನೋಡಿಕೊಳ್ಳುವುದು ಮೊದಲು ಎಂದು ಅವತ್ತೇ ತೀರ್ಮಾನ ಮಾಡಿದೆ. ಇವತ್ತಿಗೂ ಅದರಲ್ಲಿ ಬದಲಾವಣೆ ಇಲ್ಲ.

ಆ ನೂರು ಜನರು ಬರುವ ದಾರಿಗಳಲ್ಲಿ ನಡೆದು ಹದಿನೇಳು ಜಾಲರಿ ಪತ್ತೆ ಮಾಡಿದೆವು. ಪ್ರತಿಯೊಂದಕ್ಕೂ ಒಂದು ಹಾಳೆ. ಯಾವ ಅಂಗಡಿ ಎದುರು, ಯಾವ ವಿದ್ಯುತ್ ಕಂಬದಿಂದ ಎಷ್ಟು ಹೆಜ್ಜೆ, ಸಂದಿನ ಅಗಲ, ಟೇಪ್ ಇಟ್ಟು ತೆಗೆದ ಫೋಟೋ. ಸಂದಿನೊಳಗೆ ಸೈಕಲ್ ಚಕ್ರ ಇಳಿಸಿ ತೆಗೆದ ಇನ್ನೊಂದು ಫೋಟೋ. ಅರ್ಜಿಯ ಮೊದಲ ಸಾಲಿನಲ್ಲೇ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯ ಮಾತು ಬರೆದೆ: ರಸ್ತೆ ಇರುವುದು ವಾಹನ ಸಾಗಿಸುವುದಕ್ಕಲ್ಲ, ಜನರನ್ನು ಸಾಗಿಸುವುದಕ್ಕೆ. ಇದು ಸರ್ಕಾರವೇ ಒಪ್ಪಿಕೊಂಡ ಮಾತು. ನಾವು ಹೊಸದೇನೂ ಕೇಳುತ್ತಿರಲಿಲ್ಲ.

ಒಂದು ಕಚೇರಿಯಲ್ಲಿ ಅರ್ಜಿ ಎರಡು ಸಲ ಕಳೆದುಹೋಯಿತು. ಇನ್ನೊಂದು ಕಡೆ, ಆ ರಸ್ತೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂದರು. ಏಳು ತಿಂಗಳು ಸುಮ್ನೆ ಓಡಾಡಿದೆ. ಕೊನೆಗೆ ಒಬ್ಬ ಯುವ ಎಂಜಿನಿಯರ್ ಫೋಟೋಗಳನ್ನು ಒಂದೊಂದಾಗಿ ನೋಡಿ, ‘ಮೇಡಂ, ಇದಕ್ಕೆ ಟೆಂಡರ್ ಯಾಕೆ ಬೇಕು’ ಅಂದರು. ಇಬ್ಬರು ಕೆಲಸದವರು, ಒಂದು ಹಾರೆ. ಚೌಕಾಕಾರದ ಜಾಲರಿಗಳನ್ನು ಎತ್ತಿ ತಿರುಗಿಸಿ ಕೂರಿಸಿದರು. ಉದ್ದನೆಯವು ತಿರುಗಿಸಿದರೆ ಚೌಕಟ್ಟಿಗೆ ಕೂರುವುದಿಲ್ಲ. ಅವಕ್ಕೆ ಅಡ್ಡಪಟ್ಟಿ ವೆಲ್ಡ್ ಮಾಡಿಸಬೇಕಾಯಿತು. ಮೊದಲ ದಿನ ನಾಲ್ಕು. ಮಧ್ಯೆ ಕೋವಿಡ್ ಬಂದು ಎಲ್ಲ ನಿಂತಿತು. 2022ರ ಹೊತ್ತಿಗೆ ಹನ್ನೊಂದು ಮುಗಿದವು.

ಸೈಕಲ್ ಲೇನ್ ಯಾಕೆ ಕೇಳಲಿಲ್ಲ ಎಂದು ಜನ ಕೇಳುತ್ತಾರೆ. ಕೇಳುತ್ತಲೇ ಇದ್ದೇವೆ. ಆದರೆ ಬರೀ ಬಣ್ಣ ಬಳಿದ ಲೇನ್ ಬೇಡ. ಬೆಳಿಗ್ಗೆ ಬಣ್ಣ ಒಣಗಿದರೆ ಸಂಜೆಗೆ ಅದರ ಮೇಲೆ ಕಾರು ನಿಂತಿರುತ್ತದೆ. ಕಟ್ಟೆಯಾಗಲಿ ಕಂಬವಾಗಲಿ ನಡುವೆ ಇರಲೇಬೇಕು. ನೆದರ್ಲೆಂಡ್ಸ್‌ನಲ್ಲೂ ಅದು ತಾನಾಗಿ ಬರಲಿಲ್ಲ. 1971ರಲ್ಲಿ ಅಲ್ಲಿ ರಸ್ತೆ ಅಪಘಾತದಲ್ಲಿ ಸತ್ತ ಮಕ್ಕಳೇ ನಾನೂರಕ್ಕೂ ಹೆಚ್ಚು. ತಂದೆತಾಯಂದಿರು ರಸ್ತೆಗಿಳಿದು ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ಚಳವಳಿ ಮಾಡಿದರು. ಈಗ ನಾವು ನೋಡುವ ಸೈಕಲ್ ದಾರಿಗಳ ಹಿಂದೆ ಆ ಸಂಕಟ ಇದೆ.

ಮಕ್ಕಳ ವಿಷಯದಲ್ಲಿ ನಮ್ಮ ರಾಜ್ಯ ಒಂದು ಒಳ್ಳೆಯ ಕೆಲಸ ಮಾಡಿತ್ತು. 2006–07ರಿಂದ ಸರ್ಕಾರಿ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್. ನಮ್ಮ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲು ಮುಗಿಸಿದ್ದು ಆ ಸೈಕಲ್ ಮೇಲೆ. ಕೋವಿಡ್ ಬಂದ ಮೇಲೆ ಅದು ನಿಂತುಹೋಯಿತು. ನನಗೆ ಇದು ತುಂಬಾ ನೋವಿನ ವಿಷಯ.

ನಮ್ಮ ಬಡಾವಣೆಯಲ್ಲಿ 2022ರಿಂದ ಶಾಲೆಗೆ ಸೈಕಲ್ ಗುಂಪು ನಡೆಸುತ್ತಿದ್ದೇವೆ. ಎಂಟು ಮಕ್ಕಳು, ಇಬ್ಬರು ದೊಡ್ಡವರು, ಬೆಳಿಗ್ಗೆ ಎಂಟು ಹತ್ತಕ್ಕೆ ಹೊರಡುತ್ತೇವೆ. ಎಲ್ಲರಿಗಿಂತ ನಿಧಾನ ತುಳಿಯುವ ಮಗು ಮುಂದಿರುವ ದೊಡ್ಡವರ ಹಿಂದೆಯೇ ಇರಬೇಕು. ಆ ಮಗುವಿನ ವೇಗವೇ ಗುಂಪಿನ ವೇಗ. ನಿಂತ ಕಾರಿನ ಪಕ್ಕ ಹೋಗುವಾಗ ಬಾಗಿಲು ಪೂರ್ತಿ ತೆರೆದರೂ ತಾಗದಷ್ಟು ದೂರ. ಸ್ಟಾಪಿನಲ್ಲಿ ನಿಂತ ಬಸ್ಸಿನ ಎಡಕ್ಕೆ ಎಂದಿಗೂ ನುಗ್ಗಬಾರದು. ಮೊದಲ ವಾರ ಒಬ್ಬ ತಾಯಿ ಸ್ಕೂಟರಿನಲ್ಲಿ ನಮ್ಮ ಹಿಂದೆಯೇ ಬಂದರು. ಎರಡನೇ ವಾರ ಬರಲಿಲ್ಲ. ಮೂರನೇ ತಿಂಗಳು ತಾವೇ ಒಂದು ಸೈಕಲ್ ತಗೊಂಡರು. ಸೀರೆಗೆ ಆಗಲಿ ಎಂದು ಚೈನ್ ಪೂರ್ತಿ ಮುಚ್ಚುವ ಕವರ್ ಇದ್ದದ್ದನ್ನೇ ಹುಡುಕಿ ತಂದರು.

ಆ ಮಕ್ಕಳಲ್ಲಿ ಒಬ್ಬ ಹುಡುಗ ಒಮ್ಮೆ ನನ್ನನ್ನು ತಡೆದು ನಿಲ್ಲಿಸಿದ. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕೆಜಿ ತೂಗುತ್ತದೆ, ಅದನ್ನು ಸುಟ್ಟರೆ 2.3 ಕೆಜಿ ಇಂಗಾಲದ ಡೈಆಕ್ಸೈಡ್ ಹೇಗೆ ಬರುತ್ತದೆ ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಪೆಟ್ರೋಲಿನಲ್ಲಿರುವ ಇಂಗಾಲ ಉರಿಯುವಾಗ ಗಾಳಿಯಲ್ಲಿರುವ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ಒಂದು ಇಂಗಾಲಕ್ಕೆ ಎರಡು ಆಮ್ಲಜನಕ. ತೂಕ ಅಲ್ಲಿಂದ ಬರುತ್ತದೆ. ಆಮೇಲೆ ನಾವಿಬ್ಬರೂ ನನ್ನ ಲೆಕ್ಕ ಹಾಕಿದೆವು. ದಿನಕ್ಕೆ ಹತ್ತು ಕಿಲೋಮೀಟರ್, ವರ್ಷಕ್ಕೆ 280 ದಿನ. ಲೀಟರಿಗೆ 45 ಕಿಲೋಮೀಟರ್ ಕೊಡುವ ಸ್ಕೂಟರಾದರೆ 62 ಲೀಟರ್ ಪೆಟ್ರೋಲ್. ಅಂದರೆ ಸುಮಾರು 143 ಕೆಜಿ ಇಂಗಾಲದ ಡೈಆಕ್ಸೈಡ್. ನನ್ನೊಬ್ಬಳ 143 ಕೆಜಿಯಿಂದ ಆಕಾಶ ಬದಲಾಗುವುದಿಲ್ಲ, ಅದನ್ನೂ ಹುಡುಗನಿಗೆ ಹೇಳಿದೆ. ಅದಕ್ಕೇ ನಾನು ಒಬ್ಬೊಬ್ಬರ ಮನವೊಲಿಸುವುದಕ್ಕಿಂತ ರಸ್ತೆ ಸರಿ ಮಾಡಿಸುವುದಕ್ಕೆ ಜಾಸ್ತಿ ಹೊತ್ತು ಕೊಡುತ್ತೇನೆ. ರಸ್ತೆ ಸರಿ ಇದ್ದರೆ ಜನ ಹೇಳಿಸಿಕೊಳ್ಳದೆ ಬರುತ್ತಾರೆ.

2023ರಲ್ಲಿ ಮುಂಗಾರು ಕೈಕೊಟ್ಟಿತು. ಕೆಆರ್‌ಎಸ್ ಕಟ್ಟೆ ತನ್ನ ಪೂರ್ಣ ಮಟ್ಟವಾದ 124.80 ಅಡಿ ಮುಟ್ಟಲೇ ಇಲ್ಲ. ಮಂಡ್ಯದಲ್ಲಿ ರೈತರು ಬೀದಿಗಿಳಿದರು. ನಮ್ಮ ಅಣ್ಣ ಆ ವರ್ಷ ಬೇಸಿಗೆ ಭತ್ತ ಹಾಕಲಿಲ್ಲ. ಮರುವರ್ಷ ಜುಲೈಯಲ್ಲೇ ಕಟ್ಟೆ ತುಂಬಿ, ಹೊಳೆಗೆ ಬಿಟ್ಟ ನೀರಿಗೆ ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸಬೇಕಾಯಿತು. 2023 ಎಲ್ ನಿನೊ ವರ್ಷ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ನಮ್ಮ ಮುಂಗಾರು ಸಾಮಾನ್ಯವಾಗಿ ಕುಗ್ಗುವ ವರ್ಷ. ಒಂದು ಬರ, ಒಂದು ನೆರೆ ತೋರಿಸಿ ಎಲ್ಲಾ ಹವಾಮಾನ ಬದಲಾವಣೆಯಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ. ಆದರೆ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾಗಿ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ 7ರಷ್ಟು ಜಾಸ್ತಿ ತೇವ ಹಿಡಿದುಕೊಳ್ಳಬಲ್ಲದು. ಮಳೆ ಬಿದ್ದರೆ ಒಟ್ಟಿಗೆ ಬೀಳುತ್ತದೆ, ಇಲ್ಲದಿದ್ದರೆ ಆ ಗಾಳಿ ನೆಲದ ತೇವವನ್ನೂ ಹೀರುತ್ತದೆ. ಅಣ್ಣನಿಗೆ ಇದನ್ನು ವಿವರಿಸಬೇಕಾಗಲಿಲ್ಲ. ಅವನ ಗದ್ದೆಯಲ್ಲಿ ಎರಡನ್ನೂ ನೋಡಿದ್ದ.

ಇನ್ನು ಆರು ಜಾಲರಿ ಉಳಿದಿವೆ. ಅದರಲ್ಲಿ ಎರಡು ಡಾಂಬರಿನ ಕೆಳಗೆ ಅರ್ಧ ಹೂತುಹೋಗಿವೆ, ಒಡೆದೇ ತೆಗೆಯಬೇಕು. ಹಳೇ ಎಂಜಿನಿಯರ್ ವರ್ಗವಾಗಿ ಹೋದರು. ಹೊಸಬರಿಗೆ ಹಾಳೆಗಳ ಇನ್ನೊಂದು ಪ್ರತಿ ಕೊಟ್ಟು ಬಂದಿದ್ದೇನೆ. ಮೊನ್ನೆ ಎಲೆ ವ್ಯಾಪಾರದ ಅಜ್ಜರೊಬ್ಬರು ಸೈಕಲ್ ನಿಲ್ಲಿಸಿ, ಅಗ್ರಹಾರದ ಹತ್ತಿರ ಇನ್ನೊಂದಿದೆ ನೋಡಮ್ಮ, ಅದು ನಿನ್ನ ಪಟ್ಟಿಯಲ್ಲಿ ಇದೆಯಾ ಅಂದರು. ಇರಲಿಲ್ಲ. ಭಾನುವಾರ ಬೆಳಿಗ್ಗೆ ಟೇಪ್ ತಗೊಂಡು ಅವರ ಜೊತೆ ಹೋಗುತ್ತಿದ್ದೇನೆ.