ಆರು ಕಂಪ್ಯೂಟರ್, ಒಂದು ಪಾಸ್‌ವರ್ಡ್

ನಮ್ಮ ಸಕ್ಕರೆ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಎರಡು ಸರ್ವರ್, ನಾಲ್ಕು ಆಪರೇಟರ್ ಕಂಪ್ಯೂಟರ್. ಎಲ್ಲದರಲ್ಲೂ ಸೀಮೆನ್ಸ್‌ನ ವಿನ್‌ಸಿಸಿ, ಅಂದರೆ ಕಾರ್ಖಾನೆಯ ಯಂತ್ರಗಳನ್ನು ಪರದೆಯ ಮೇಲೆ ನೋಡಿ ನಡೆಸುವ ತಂತ್ರಾಂಶ. ಕಬ್ಬು ನುರಿಸುವಾಗ ಅವುಗಳ ತಂಟೆಗೆ ಹೋಗುವಂತಿಲ್ಲ. ಹಂಗಾಮು ಮುಗಿದು ಫಿಟ್ಟರ್‌ಗಳು ಮಿಲ್ ಬಿಚ್ಚಲು ಶುರು ಮಾಡಿದ ಮೇಲೆ ಆರಕ್ಕೂ ಒಂದೇ ಪಾಸ್‌ವರ್ಡ್ ಹಾಕುವ ಕೆಲಸಕ್ಕೆ ನಾನು ಕೈಹಾಕಿದೆ.

ಇದು ಆಪರೇಟರ್ ಲಾಗಿನ್ ಆಗುವ ಪಾಸ್‌ವರ್ಡ್ ಅಲ್ಲ. ಕಂಪ್ಯೂಟರ್‌ಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಬೇಕಾದ ಗುಟ್ಟು. ಆರರಲ್ಲೂ ಒಂದೇ ಇರಬೇಕು; ಒಂದಕ್ಷರ ತಪ್ಪಿದರೂ ಆ ಯಂತ್ರ ಬಳಗದಿಂದ ಹೊರಗೆ.

"ಇಂಟರ್‌ನೆಟ್ಟೇ ಇಲ್ಲವಲ್ಲ ಸಾರ್, ಯಾಕೆ ಈ ಉಸಾಬರಿ?" ಎಂದರು ಪಾಳಿಯ ಆಪರೇಟರ್. 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ ಪೆನ್‌ಡ್ರೈವ್ ಹಿಡಿದೇ ಒಳನುಗ್ಗಿತ್ತು, ವಿನ್‌ಸಿಸಿಯೊಳಗೇ ಬರೆದಿಟ್ಟಿದ್ದ ಡೇಟಾಬೇಸ್ ಪಾಸ್‌ವರ್ಡ್ ಅದಕ್ಕೆ ಒಂದು ದಾರಿಯಾಗಿತ್ತು ಎಂದೆ. ಅವರು ಜೇಬಿನಲ್ಲಿದ್ದ ಪೆನ್‌ಡ್ರೈವ್ ಮುಟ್ಟಿ ನೋಡಿಕೊಂಡರು.

ಮೊದಲು ಪ್ರಾಜೆಕ್ಟಿನ ಬ್ಯಾಕಪ್ ತೆಗೆದೆ. ವಿನ್‌ಸಿಸಿ ಜೊತೆಗೇ ಬರುವ ಸಿಮ್ಯಾಟಿಕ್ ಶೆಲ್‌ನ ಸೆಟ್ಟಿಂಗ್ಸ್ ತೆರೆದು, ಕಾರ್ಖಾನೆಯ ನೆಟ್‌ವರ್ಕ್ ಕಾರ್ಡನ್ನಷ್ಟೇ ಆರಿಸಿ, ಹದಿನಾರು ಅಕ್ಷರಗಳ ಪಾಸ್‌ವರ್ಡ್ ಹಾಕುತ್ತ ಬಂದೆ. ಐದು ಯಂತ್ರಗಳು ಸರಿಯಾದವು. ಬಾಯ್ಲರ್ ವಿಭಾಗದ್ದು ಮಾತ್ರ ಸರ್ವರನ್ನು ಗುರುತಿಸಲೇ ಇಲ್ಲ. ಮೂರು ಬಾರಿ ಒತ್ತಿ ಒತ್ತಿ ಟೈಪ್ ಮಾಡಿದೆ. ಕೇಬಲ್ ಬದಲಿಸಿದೆ, ನೆಟ್‌ವರ್ಕ್ ಸ್ವಿಚ್ಚಿನ ಪೋರ್ಟ್ ಬದಲಿಸಿದೆ, ಬೇಡದ ಸಂಪರ್ಕ ತಡೆಯುವ ಫೈರ್‌ವಾಲ್ ಜಾಲಾಡಿದೆ. ಮಧ್ಯಾಹ್ನದ ಊಟ ತಪ್ಪಿತು.

ಕೊನೆಗೆ ಏನೂ ತೋಚದೆ ನೋಟ್‌ಪ್ಯಾಡ್ ತೆರೆದು ಅದೇ ಪಾಸ್‌ವರ್ಡ್ ಹೊಡೆದೆ. ಅಟ್ (@) ಚಿಹ್ನೆ ಬರಬೇಕಾದಲ್ಲಿ ಉದ್ಧರಣ ಚಿಹ್ನೆ (")! ಆ ಕಂಪ್ಯೂಟರಿನ ಕೀಬೋರ್ಡ್ ಬ್ರಿಟನ್ ವಿನ್ಯಾಸಕ್ಕೆ ಹೊಂದಿಕೊಂಡಿತ್ತು; ಅಲ್ಲಿ ಶಿಫ್ಟ್ ಹಿಡಿದು 2ರ ಕೀಲಿ ಒತ್ತಿದರೆ ಬರುವುದೇ ಬೇರೆ. ಪಾಸ್‌ವರ್ಡ್ ಜಾಗದಲ್ಲಿ ಬರೀ ಚುಕ್ಕಿ ಕಾಣುವುದರಿಂದ ನನಗೆ ತಿಳಿಯುವುದಾದರೂ ಹೇಗೆ?

ಇನ್ನೊಂದು ಎಡವಟ್ಟು ನನ್ನದೇ. ಯಂತ್ರಗಳನ್ನು ಒಂದೊಂದಾಗಿ ಬದಲಿಸುವಾಗ ಗೂಢಲಿಪಿ ಇಲ್ಲದ ಸಂಪರ್ಕಕ್ಕೂ ತಾತ್ಕಾಲಿಕವಾಗಿ ಅವಕಾಶ ಕೊಟ್ಟಿದ್ದೆ. ಅದನ್ನು ಮುಚ್ಚಲು ಮರೆತು ಮನೆಗೆ ಹೋದೆ. ಎಲ್ಲವೂ ಓಡುತ್ತಿರುವಾಗ ಇಂಥದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಮರುದಿನ ಬಂದು ಮುಚ್ಚಿದೆ.

ಯಂತ್ರಗಳನ್ನು ನೇರವಾಗಿ ನಡೆಸುವ ನಿಯಂತ್ರಕಗಳಾದ ಪಿಎಲ್‌ಸಿಗಳ ಕಡೆಗೆ ಈ ಬೀಗ ತಲುಪುವುದಿಲ್ಲ. ಅವುಗಳೊಡನೆ ಮಾತಾಡುವ ಭಾಷೆಯಾದ ಮಾಡ್‌ಬಸ್ ಟಿಸಿಪಿಯಲ್ಲಿ ಪಾಸ್‌ವರ್ಡ್ ಎಂಬುದೇ ಇಲ್ಲ, ಅದರ ಬಾಗಿಲಾದ 502ನೇ ಪೋರ್ಟ್ ತಲುಪಿದವರೆಲ್ಲ ಅದಕ್ಕೆ ನೆಂಟರು. ಹಾಗಾಗಿ ಆ ಭಾಗವನ್ನು ಬೇರೆ ಸ್ವಿಚ್ಚಿಗೆ ಹಾಕಿ ನಡುವೆ ಫೈರ್‌ವಾಲ್ ಇಟ್ಟೆವು.

ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಅರಗಿನ ಮುದ್ರೆ ಒತ್ತಿ, ಮ್ಯಾನೇಜರರ ಕಪಾಟಿನಲ್ಲಿ ಇಡಿಸಿದ್ದೇನೆ. ಚಿಹ್ನೆಗಳ ಸಹವಾಸ ಬೇಡವೆಂದು ಪಾಸ್‌ವರ್ಡನ್ನೇ ಬದಲಿಸಿದೆ; ಅದರಲ್ಲೀಗ ಅಕ್ಷರ ಮತ್ತು ಅಂಕಿಗಳಷ್ಟೇ ಇವೆ, ಒಟ್ಟು ಇಪ್ಪತ್ತನಾಲ್ಕು.