ಸಿಟಿ ಬಸ್ ಬೇಕಾದವರು ತಂಗುದಾಣ ಕೇಳಬೇಡಿ, ಕಿಲೋಮೀಟರ್ ಕೇಳಿ

ಬೆಳಗಾವಿಯಲ್ಲಿ ಸಿಟಿ ಬಸ್ ಸಾಲುತ್ತಿಲ್ಲ ಎಂದು ದೂರು ಹೇಳದವರು ವಿರಳ. ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕನಾಗಿ ನೌಕರಿಯ ಬಹುಪಾಲು ಕಳೆದವನು ನಾನು. ಮನವಿ ಹಿಡಿದು ಬಂದ ಗುಂಪುಗಳನ್ನು ಸಾಕಷ್ಟು ಕಂಡಿದ್ದೇನೆ. ಅವರ ಸಂಕಟ ನಿಜವಾದದ್ದೇ. ಆದರೆ ಕಾಗದದಲ್ಲಿ ಇರುತ್ತಿದ್ದುದು ತಂಗುದಾಣ ಕಟ್ಟಿಸಿ, ಹೈಟೆಕ್ ನಿಲ್ದಾಣ ಮಾಡಿ, ಹೊಸ ಬಸ್ ತರಿಸಿ ಎಂಬ ಬೇಡಿಕೆ. ಅವುಗಳಲ್ಲಿ ಕೆಲವು ಈಡೇರಿದವು ಕೂಡ. ತಂಗುದಾಣ ಎದ್ದಿತು, ಫಲಕ ಬಿತ್ತು, ಬಸ್ ಮಾತ್ರ ಬರಲಿಲ್ಲ.

ಕಾರಣ ಸರಳ. ಕಟ್ಟುವ ಕೆಲಸಕ್ಕೆ ಹಣ ಸಿಗುವ ಬಾಗಿಲುಗಳು ಹಲವು. ಸಂಸದರ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ. ಅದರಲ್ಲಿ ತಂಗುದಾಣ ಕಟ್ಟಬಹುದು, ಆದರೆ ಡೀಸೆಲ್ಲಿಗೋ ಚಾಲಕರ ಸಂಬಳಕ್ಕೋ ಒಂದು ರೂಪಾಯಿಯನ್ನೂ ಕೊಡುವಂತಿಲ್ಲ. ಬಸ್ ಪ್ರತಿದಿನ ಓಡುವುದಕ್ಕೆ ಬೇಕಾದದ್ದು ಕಿಲೋಮೀಟರ್ ಲೆಕ್ಕದ ಹಣ. ಡೀಸೆಲ್, ಟೈರು, ಬಿಡಿಭಾಗ, ಚಾಲಕ, ನಿರ್ವಾಹಕ, ಕಾರ್ಯಾಗಾರದ ಮೆಕ್ಯಾನಿಕ್ ಎಲ್ಲವೂ ಅದರಲ್ಲೇ ನಡೆಯಬೇಕು. ಆದ್ದರಿಂದ ಯಾರಾದರೂ 'ನಿಮ್ಮ ಬಡಾವಣೆಗೆ ಹತ್ತು ಬಸ್ ತರಿಸುತ್ತೇನೆ' ಎಂದು ಮೂಗಿಗೆ ತುಪ್ಪ ಸವರಿದರೆ, 'ಅವು ದಿನಕ್ಕೆ ಎಷ್ಟು ಕಿಲೋಮೀಟರ್ ಓಡುತ್ತವೆ, ಆ ಖರ್ಚು ಯಾರದು?' ಎಂದು ಕೇಳಿ.

ಈ ಹಣ ಬರುವ ದಾರಿಗಳನ್ನು ತಿಳಿದುಕೊಂಡರೆ ಅರ್ಧ ಕೆಲಸ ಆದಂತೆ. ಒಂದು, ಟಿಕೆಟ್. ದರ ನಿಗದಿ ಸರ್ಕಾರದ ಕೈಯಲ್ಲಿದೆ. 2025ರ ಜನವರಿಯಲ್ಲಿ ಶೇ. 15ರಷ್ಟು ಏರಿತು. ಇನ್ನೊಂದು, ವಿದ್ಯಾರ್ಥಿ ಪಾಸಿನಂಥ ರಿಯಾಯಿತಿಗೆ ಸರ್ಕಾರ ತುಂಬಿಕೊಡುವ ಮೊತ್ತ. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಹಣವೂ ಸೇರಿತು. ಇಲ್ಲಿ ಮಹಿಳೆಯರಿಗೆ ನನ್ನದೊಂದು ಕಳಕಳಿಯ ಮಾತಿದೆ. ಶೂನ್ಯ ಟಿಕೆಟ್ ಪಡೆಯದೆ ಇಳಿಯಬೇಡಿ. ಹತ್ತಿರದ ಸ್ಟಾಪ್, ವಿಪರೀತ ಗದ್ದಲ ಎಂದು ಟಿಕೆಟ್ ಬಿಟ್ಟರೆ ನಿಮ್ಮ ಪ್ರಯಾಣ ಲೆಕ್ಕಕ್ಕೇ ಬರುವುದಿಲ್ಲ. ಸರ್ಕಾರ ಸಾರಿಗೆ ಸಂಸ್ಥೆಗೆ ಹಣ ಕೊಡುವುದು ಆ ಟಿಕೆಟ್ಟಿನ ಆಧಾರದ ಮೇಲೆ. ಟ್ರಿಪ್ ತುಂಬಿತ್ತೋ ಖಾಲಿ ಇತ್ತೋ ಎಂದು ಡಿಪೋದಲ್ಲಿ ನೋಡುವುದೂ ಟಿಕೆಟ್ ಯಂತ್ರದ ಅಂಕಿಗಳಲ್ಲೇ. ಯಂತ್ರದಲ್ಲಿ ಇಲ್ಲದ ಪ್ರಯಾಣಿಕರಿಗಾಗಿ ಯಾರೂ ಟ್ರಿಪ್ ಹೆಚ್ಚಿಸುವುದಿಲ್ಲ.

ಮನವಿ ಬರೆಯುವ ಮೊದಲು ಎಣಿಸಬೇಕು. 'ನಮ್ಮ ಭಾಗದ ಜನರಿಗೆ ತೀವ್ರ ತೊಂದರೆಯಾಗುತ್ತಿದೆ' ಎಂಬ ಕಾಗದ ಕಡತ ಸೇರುತ್ತದೆ. ಕೆಲಸ ಮಾಡಿಸುವ ಕಾಗದ ಬೇರೆ ಬಗೆಯದು. ಒಂದು ಸ್ಟಾಪ್ ಆರಿಸಿಕೊಳ್ಳಿ, ಆರ್‌ಪಿಡಿ ಕ್ರಾಸ್ ಎನ್ನೋಣ. ಸೋಮವಾರದಿಂದ ಶನಿವಾರದವರೆಗೆ, ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಇಬ್ಬರು ನಿಲ್ಲಿ. ಒಬ್ಬರಿಗೆ ಎರಡು ಕಡೆಯ ಬಸ್ ನೋಡಲು ಆಗುವುದಿಲ್ಲ. ಉದ್ದ ಪುಸ್ತಕದಲ್ಲಿ ಆರು ಕಲಂ ಎಳೆಯಿರಿ: ಬಸ್ ಬಂದ ಸಮಯ, ನಾಮಫಲಕದಲ್ಲಿದ್ದ ಊರು, ವಾಹನ ಸಂಖ್ಯೆಯ ಕೊನೆಯ ನಾಲ್ಕು ಅಂಕಿ, ಕಾಯುತ್ತಿದ್ದವರು, ಹತ್ತಿದವರು, ಹತ್ತಲಾಗದೆ ಉಳಿದವರು. ನಿಲ್ಲಿಸದೆ ಹೋದ ಬಸ್ಸನ್ನೂ ಬರೆಯಿರಿ. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಕಲಂ. ಹತ್ತಿದವರ ಲೆಕ್ಕ ಸಂಸ್ಥೆಯ ಬಳಿ ಇದೆ, ಉಳಿದವರ ಲೆಕ್ಕ ಯಾವ ಯಂತ್ರದಲ್ಲೂ ಇಲ್ಲ. ಅದನ್ನು ನೀವು ಮಾತ್ರ ಕೊಡಬಲ್ಲಿರಿ.

ಜೊತೆಗೆ ಮಾಹಿತಿ ಹಕ್ಕಿನಡಿ ನಿಮ್ಮ ಮಾರ್ಗದ ವೇಳಾಪಟ್ಟಿಯನ್ನೂ ಕಳೆದ ಮೂರು ತಿಂಗಳಲ್ಲಿ ರದ್ದಾದ ಟ್ರಿಪ್‌ಗಳ ವಿವರವನ್ನೂ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಆದ್ದರಿಂದ ವೇಳಾಪಟ್ಟಿಗೊಂದು, ರದ್ದತಿಗೊಂದು ಎಂದು ಎರಡು ಅರ್ಜಿ ಹಾಕುವುದು ಲೇಸು. ಎಷ್ಟೋ ಸಲ ಕಾಗದದ ಮೇಲೆ ಬಸ್ ಈಗಾಗಲೇ ಇರುತ್ತದೆ, ರಸ್ತೆಯ ಮೇಲೆ ಇರುವುದಿಲ್ಲ. ಆಗ ನೀವು ಹೊಸ ಟ್ರಿಪ್ ಕೇಳಬೇಕಿಲ್ಲ, ಇರುವ ಟ್ರಿಪ್ ಓಡಿಸಿ ಎಂದು ಕೇಳಿದರೆ ಸಾಕು. ಇದು ನೂರು ಪಾಲು ಸುಲಭ.

ಇನ್ನು ಕೇಳುವ ರೀತಿ. ಖರ್ಚಿಲ್ಲದ್ದನ್ನು ಮೊದಲು ಕೇಳಿ. ಡಿಪೋದಿಂದ ಬೆಳಿಗ್ಗೆ ಹೊರಟ ಬಸ್ ಮೊದಲ ನಿಲ್ದಾಣದವರೆಗೆ ಖಾಲಿ ಓಡುತ್ತದೆ, ರಾತ್ರಿ ಹಾಗೆಯೇ ಮರಳುತ್ತದೆ. ಇದನ್ನು ನಾವು ಡೆಡ್ ಕಿಲೋಮೀಟರ್ ಎನ್ನುತ್ತೇವೆ. ಡೀಸೆಲ್ ಹೇಗೂ ಸುಡುತ್ತಿದೆ, ಚಾಲಕ ಹೇಗೂ ಕೆಲಸದ ಮೇಲಿದ್ದಾರೆ. ಅದು ನಿಮ್ಮ ದಾರಿಯಲ್ಲೇ ಹೋಗುತ್ತಿದ್ದರೆ ಜನರನ್ನು ಹತ್ತಿಸಿಕೊಳ್ಳಲಿ ಎಂದು ಕೇಳಿ. ನಗರ ಬಸ್ ನಿಲ್ದಾಣವಾದ ಸಿಬಿಟಿಯಲ್ಲಿ ಮುಗಿಯುವ ಎರಡು ಮಾರ್ಗಗಳನ್ನು ಜೋಡಿಸಿ, ವಡಗಾವಿಯಿಂದ ಹತ್ತಿದವರು ನೆಹರೂ ನಗರದ ಆಸ್ಪತ್ರೆಯವರೆಗೆ ಇಳಿಯದೆ ಹೋಗುವಂತೆ ಮಾಡಿ ಎಂದೂ ಕೇಳಬಹುದು. ಆದರೆ ರಾತ್ರಿ ಒಂಬತ್ತಕ್ಕೆ ಒಂದೇ ಒಂದು ಟ್ರಿಪ್ ಹೆಚ್ಚಿಸಿ ಎನ್ನುವಾಗ ಸ್ವಲ್ಪ ಯೋಚಿಸಿ. ಕಾನೂನಿನಂತೆ ಚಾಲಕರ ಕೆಲಸ ದಿನಕ್ಕೆ 8 ಗಂಟೆ. ನಿಮಗೆ ಅದೊಂದು ಟ್ರಿಪ್, ಸಂಸ್ಥೆಗೆ ಬಹುಶಃ ಹೊಸದೊಂದು ಶೆಡ್ಯೂಲ್ (ಒಂದು ಬಸ್ಸಿನ, ಅದರ ಸಿಬ್ಬಂದಿಯ ದಿನದ ಪಾಳಿ), ಇಬ್ಬರು ಹೊಸ ಸಿಬ್ಬಂದಿ. 'ಮಧ್ಯಾಹ್ನ ಖಾಲಿ ಹೋಗುವ ಈ ಟ್ರಿಪ್ ಬಿಟ್ಟು, ರಾತ್ರಿಯದು ಕೊಡಿ' ಎಂದು ನಿಮ್ಮ ಎಣಿಕೆಯ ಸಮೇತ ಬರೆದರೆ, ವಿಭಾಗೀಯ ಸಂಚಾರ ಅಧಿಕಾರಿ ಅದನ್ನು ಓದುತ್ತಾರೆ.

ಬಸ್ ಕೊಳ್ಳದೆ ಬಸ್ ಹೆಚ್ಚಿಸುವ ಇನ್ನೊಂದು ಉಪಾಯವಿದೆ, ನನಗೆ ಬಹಳ ಪ್ರಿಯವಾದದ್ದು. ಹೋಗಿ ಬರಲು 90 ನಿಮಿಷ ಹಿಡಿಯುವ ಮಾರ್ಗದಲ್ಲಿ ಮೂರು ಬಸ್ ಓಡಿದರೆ 30 ನಿಮಿಷಕ್ಕೊಂದು ಬರುತ್ತದೆ. ಅದೇ ಸುತ್ತು 60 ನಿಮಿಷದಲ್ಲಿ ಮುಗಿದರೆ ಅದೇ ಮೂರು ಬಸ್ಸುಗಳು 20 ನಿಮಿಷಕ್ಕೊಂದರಂತೆ ಬರುತ್ತವೆ. ಸುತ್ತಿನ ಈ ಹೆಚ್ಚುವರಿ 30 ನಿಮಿಷವನ್ನು ತಿನ್ನುವವರು ಯಾರು? ಚನ್ನಮ್ಮ ವೃತ್ತದ ದಟ್ಟಣೆ, ಸ್ಟಾಪ್ ಇರುವಲ್ಲೇ ನಿಂತ ಕಾರು, ತಿಳಕವಾಡಿಯ ರೈಲ್ವೆ ಗೇಟ್. ಗೇಟು ನಿಮ್ಮ ಕೈಯಲ್ಲಿಲ್ಲ, ಕಾರು ಇದೆ. ಸ್ಟಾಪ್‌ನ ಹಿಂದೆ ಮುಂದೆ ನಿಲುಗಡೆ ನಿಷೇಧಿಸಿ ಎಂದು ಮಹಾನಗರ ಪಾಲಿಕೆಗೂ ಸಂಚಾರ ಪೊಲೀಸರಿಗೂ ಒಟ್ಟಿಗೆ ಬರೆಯಿರಿ. ಒಬ್ಬರಿಗೆ ಬರೆದರೆ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ವಾಹನ ನಿಲುಗಡೆ ಶುಲ್ಕ ಆ ಜಾಗದ ಬೆಲೆಗೆ ತಕ್ಕಂತಿರಬೇಕು ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಹೇಳಿದೆ. ಅಂಥ ಶುಲ್ಕದ ಪಾಲನ್ನು ಬಸ್ಸಿಗೆ ಮೀಸಲಿಡಿ ಎಂಬ ಬೇಡಿಕೆಯನ್ನು ಪಾಲಿಕೆಯ ಬಜೆಟ್ ತಯಾರಾಗುವ ಮುನ್ನವೇ ಸದಸ್ಯರ ಕಿವಿಗೆ ಹಾಕಬೇಕು. ಆಸ್ತಿ ತೆರಿಗೆಯ ರಸೀದಿಯಲ್ಲಿ ಉಪಕರಗಳ ಸಾಲನ್ನೂ ಓದಿ. ಸಾರಿಗೆಯ ಹೆಸರಿನಲ್ಲಿ ಏನಾದರೂ ಕಂಡರೆ, ಎಷ್ಟು ವಸೂಲಾಯಿತು, ಎಲ್ಲಿಗೆ ಹೋಯಿತು ಎಂದು ಮತ್ತೊಂದು ಅರ್ಜಿ ಹಾಕಿ.

ದೊಡ್ಡ ಹಣದ ವಿಚಾರಕ್ಕೆ ಬಂದರೆ, ಕೇಂದ್ರ ಸಚಿವ ಸಂಪುಟ 2023ರ ಆಗಸ್ಟ್‌ನಲ್ಲಿ ಒಪ್ಪಿದ ಪಿಎಂ ಇ-ಬಸ್ ಸೇವಾ ಯೋಜನೆಯನ್ನು ನಾನು ಮೆಚ್ಚುತ್ತೇನೆ. ಕೇಂದ್ರದ ಹಿಂದಿನ ನಗರ ನವೀಕರಣ ಯೋಜನೆ ಜೆನರ್ಮ್, ಬಸ್ ಕೊಳ್ಳಲು ನೆರವು ಕೊಟ್ಟಿತು. ಇದು ಓಡಿದ ಕಿಲೋಮೀಟರಿಗೆ ಕೊಡುತ್ತದೆ. 12 ಮೀಟರಿನ ಬಸ್ಸಿಗೆ ಕಿಲೋಮೀಟರಿಗೆ 24 ರೂಪಾಯಿ. ದಿನಕ್ಕೆ 200 ಕಿಲೋಮೀಟರ್ ಓಡಿದರೆ 4,800 ರೂಪಾಯಿ. ಉಳಿದ ವೆಚ್ಚವನ್ನು ನಾವೇ ಹೊಂದಿಸಬೇಕು. ಅದಕ್ಕೆ ರಾಜ್ಯದ ಆಯವ್ಯಯದಲ್ಲಿ ಎಷ್ಟು ಇಟ್ಟಿದ್ದೀರಿ ಎಂಬುದೇ ನಿಮ್ಮ ಶಾಸಕರಿಗೆ ಕೇಳಬೇಕಾದ ಪ್ರಶ್ನೆ. ಹುಬ್ಬಳ್ಳಿ-ಧಾರವಾಡಕ್ಕೆ ಪ್ರತ್ಯೇಕ ಪಥದಲ್ಲಿ ಓಡುವ ಚಿಗರಿ ಬಸ್ ಬಂತು, ನಮಗೂ ಬರಲಿ ಎನ್ನುವವರಿದ್ದಾರೆ. ಗಣಪತಿ ಗಲ್ಲಿ, ಖಡೇಬಜಾರ್‌ಗಳಂಥ ಇಕ್ಕಟ್ಟು ಬೀದಿಗಳ ನಮ್ಮ ಊರಿಗೆ ಅದು ಹೊಂದುವುದಿಲ್ಲ. ನಮಗೆ ಬೇಕಾದದ್ದು ಚಿಕ್ಕ ಬಸ್, ಹೆಚ್ಚು ಟ್ರಿಪ್.

ಉದ್ಯಮಬಾಗದ ಕಾರ್ಖಾನೆಗಳನ್ನೂ ಈ ಖರ್ಚಿಗೆ ಎಳೆದು ತರಬೇಕು. ಫ್ರಾನ್ಸಿನಲ್ಲಿ 11 ಅಥವಾ ಹೆಚ್ಚು ನೌಕರರಿರುವ ಮಾಲೀಕರು ನಗರ ಸಾರಿಗೆಗೆಂದೇ ತೆರಿಗೆ ಕಟ್ಟುತ್ತಾರೆ; 1971ರಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾದ ಪದ್ಧತಿ. ಅಷ್ಟು ದೂರ ಹೋಗುವುದು ಬೇಡ. ನಾಲ್ಕಾರು ಫೌಂಡ್ರಿಗಳು ಸೇರಿ ಪಾಳಿ ಬಿಡುವ ಸಮಯಕ್ಕೆ ಒಂದು ಬಸ್ಸಿನ ಕನಿಷ್ಠ ಆದಾಯವನ್ನು ಖಾತರಿಪಡಿಸಲಿ. ಎರಡನೇ ಪಾಳಿ ಮುಗಿಸಿ ಮಚ್ಛೆ, ಪೀರನವಾಡಿಗೆ ಮಳೆಯಲ್ಲಿ ನಡೆದು ಹೋಗುವವರನ್ನು ನೋಡಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಮನವಿಯನ್ನು ಡಿಪೋ ವ್ಯವಸ್ಥಾಪಕರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಪ್ರತಿಯನ್ನು ವಿಭಾಗೀಯ ನಿಯಂತ್ರಣಾಧಿಕಾರಿಗೂ ಹುಬ್ಬಳ್ಳಿಯ ಕೇಂದ್ರ ಕಚೇರಿಗೂ ಕಳಿಸಿ. ಉತ್ತರ ಬಾರದಿದ್ದರೆ ಚಳಿಗಾಲದ ಅಧಿವೇಶನಕ್ಕೆ ಕಾಯಿರಿ. ಸುವರ್ಣ ವಿಧಾನಸೌಧ ನಮ್ಮ ಊರಲ್ಲೇ ಇದೆ. ಅಧಿವೇಶನಕ್ಕೆ ಸಾಕಷ್ಟು ಮುಂಚೆ ನಿಮ್ಮ ಎಣಿಕೆಯ ಹಾಳೆ ಕೊಟ್ಟು, ಪ್ರಶ್ನೆಯ ಕರಡನ್ನೂ ನೀವೇ ಬರೆದುಕೊಟ್ಟು, ಶಾಸಕರಿಂದ ಕೇಳಿಸಿ. ಸದನದ ಉತ್ತರ ದಾಖಲೆಯಲ್ಲಿ ಉಳಿಯುತ್ತದೆ.

ಟ್ರಿಪ್ ಶುರುವಾಯಿತೆನ್ನಿ. ಆಮೇಲೆ ಜನ ಹೂಮಾಲೆ ಹಾಕಿ ಫೋಟೊ ತೆಗೆಸಿಕೊಂಡು ಮರೆತುಬಿಡುತ್ತಾರೆ. ಮೊದಲ ಎರಡು ತಿಂಗಳು ಆ ಬಸ್ಸಿನ ಆದಾಯವನ್ನು ಕಣ್ಣಿಟ್ಟು ನೋಡಲಾಗುತ್ತದೆ. ಓಣಿಯಲ್ಲಿ, ಶಾಲೆಯ ಗೇಟಿನಲ್ಲಿ ಸಮಯ ಬರೆದು ಅಂಟಿಸಿ, ಬೈಕ್ ಬಿಟ್ಟು ಅದರಲ್ಲೇ ಹೋಗಿ. ಬಸ್ ಬಾರದ ದಿನ ದಿನಾಂಕ, ಸಮಯ ಬರೆದು ಅಂದೇ ಡಿಪೋಕ್ಕೆ ತಿಳಿಸಿ. ವಾರಕ್ಕೊಮ್ಮೆ ಒಟ್ಟುಮಾಡಿ ಹೇಳಿದ ದೂರಿಗೆ 'ವಿಚಾರಿಸುತ್ತೇವೆ' ಎಂಬುದಕ್ಕಿಂತ ಹೆಚ್ಚಿನ ಉತ್ತರ ಸಿಗುವುದಿಲ್ಲ.